ಸಾಸಿವೆ ಸಿಡಿಯುತ್ತಲೇ ಇತ್ತು, ಭಾವ

ನನ್ನ ಅಕ್ಕನ ಕೈಹಿಡಿದರೆಂಬ ಒಂದೇ ಕಾರಣಕ್ಕೆ ನನ್ನ ಮೇಲೆ ಜೀವಮಾನವಿಡೀ ಅಧಿಕಾರ ಚಲಾಯಿಸಿದ ಶ್ರೀಪತಿ ಭಾವನವರ ಸನ್ನಿಧಾನಕ್ಕೆ,

ಮದ್ರಾಸಿನ ತಿರುವಲ್ಲಿಕ್ಕೇಣಿಯಿಂದ ನಿಮ್ಮ ಭಾವಮೈದುನ ವಾಸು ಮಾಡುವ ನಮಸ್ಕಾರಗಳು. 'ಇಲ್ಲಿ ಎಲ್ಲರೂ ಕ್ಷೇಮ' ಎಂದು ಶುರುಮಾಡಬೇಕು. ಬರೆಯಲು ಕೈ ಬರಲಿಲ್ಲ. 'ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ' ಎಂದು ಮುಗಿಸಬೇಕು. ಕೇಳಿದರೆ ನೀವು ಬರೆದೇಬಿಡುವ ಪೈಕಿ, ಅದಕ್ಕೇ ಭಯ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಸೇರಿ ಕಟ್ಟಿದ ರೇಡಿಯೋ ಪೆಟ್ಟಿಗೆಯೊಳಗೆ ಕಡಲೆಕಾಳಿನಷ್ಟು ದೊಡ್ಡ ಒಂದು ತಿರುಪಿದೆ. ಅದರ ಮೇಲೆ ಅರಗು ಸುರಿದು, ನಿಮ್ಮ ಉಂಗುರದಿಂದ ಮುದ್ರೆ ಒತ್ತಿ, 'ನಾನು ಹೇಳುವವರೆಗೆ ಮುಟ್ಟಕೂಡದು' ಎಂದು ಅಪ್ಪಣೆ ಕೊಟ್ಟಿದ್ದಿರಿ. ಅಪ್ಪಣೆ ಕೊಟ್ಟವರು ಧನುರ್ಮಾಸದಲ್ಲಿ ಹೊರಟುಹೋದಿರಿ. ಮುಟ್ಟಬೇಕೋ ಬೇಡವೋ ಎಂದು ಹೇಳುವವರೇ ಇಲ್ಲವಾದ ಮೇಲೆ ಆ ತಿರುಪಿನ ಗತಿ ಏನಾಯಿತೆಂದು ತಿಳಿಸುವುದಕ್ಕಾಗಿ ಈ ಬಿನ್ನಹ.

ಆ ಪೆಟ್ಟಿಗೆ ಹಡಗಿನಿಂದ ಇಳಿದು ಬಂದ ದಿನ ನೆನಪಿದೆಯೇ? ಪೆಟ್ಟಿಗೆ ಎನ್ನುವುದು ಗೌರವದ ಮಾತು. ಬಂದದ್ದು ರಾಶಿ ರಾಶಿ ಪೊಟ್ಟಣ. ಅಮೆರಿಕದವರು ರೇಡಿಯೋದ ಎಲುಬುಗಳನ್ನು ಮಾತ್ರ ಕಳಿಸುತ್ತಾರೆ, ಜೋಡಿಸಿ ಜೀವ ತುಂಬುವುದು ಕೊಂಡವನ ಕರ್ಮ. ಅಕ್ಕ ಒಂದು ಪೊಟ್ಟಣ ಬಿಚ್ಚಿ, ಮೂಸಿ ನೋಡಿ, "ಇಷ್ಟು ದೂರದಿಂದ ತರಿಸಿದ್ದು ಲವಂಗಾನ?" ಎಂದಳು. ನೀವು ಆಗಷ್ಟೇ ಹಡಗು ರಿಪೇರಿ ಕಾರ್ಖಾನೆಯಿಂದ ನಿವೃತ್ತರಾಗಿದ್ದಿರಿ. ದಿನವೂ ಬಂದರಿನ ಪಕ್ಕದ ರಾಯಪುರದಿಂದ ಬಸ್ಸು ಹಿಡಿದು ನನ್ನ ಮಹಡಿಗೆ ಬಂದು, ಕನ್ನಡಕ ಏರಿಸಿ, ಪೊಟ್ಟಣಗಳ ಜೊತೆಗೆ ಬಂದಿದ್ದ ಕೈಪಿಡಿಯನ್ನು ಪುರಾಣದ ರಾಗದಲ್ಲಿ ಓದುತ್ತಿದ್ದಿರಿ. ಬೆಸುಗೆ ಹಾಕಿ ಬೆರಳು ಸುಟ್ಟುಕೊಳ್ಳುವವನು ನಾನು. ಅರ್ಥ ಹೇಳಿ ಕಾಫಿ ಕುಡಿಯುವವರು ನೀವು. ಸರ್ಕಾರದ ಲೈಸೆನ್ಸು ಪಡೆದು, ಮನೆಯಲ್ಲೇ ಕೂತು, ಗುರುತು ಪರಿಚಯವಿಲ್ಲದವರ ಜೊತೆ ಗಾಳಿಯಲ್ಲಿ ಮಾತನಾಡುವ ಈ ಹುಚ್ಚನ್ನು ನನಗೆ ಹಿಡಿಸಿದವರೂ ನೀವೇ. ಮದುವೆ ಮಾಡಿಸುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟು ಮನೆ ಹೊಕ್ಕವರು ರೇಡಿಯೋ ಮಾಡಿಸಿ ಕೈತೊಳೆದುಕೊಂಡಿರಿ.

ಸಿಂಗಲ್ ಸೈಡ್‌ಬ್ಯಾಂಡ್ ಎಂದರೇನು ಎಂದು ನಾನು ಕೇಳಿದ ದಿನವಂತೂ ಮರೆಯುವ ಹಾಗೇ ಇಲ್ಲ. ನಿಮ್ಮ ಹಳೆಯ ಕಾಲದ ಸೆಟ್ಟು ಧ್ವನಿಯನ್ನು ಎರಡೆರಡು ಪ್ರತಿ ಮಾಡಿ, ಅದನ್ನು ಹೊರಲು ಒಂದು ಆಳನ್ನೂ ಜೊತೆಗೆ ಕಳಿಸುವಂಥದ್ದು. ಹೊಸ ಪದ್ಧತಿಯಲ್ಲಿ ಆಳೂ ಇಲ್ಲ, ನಕಲೂ ಇಲ್ಲ, ಒಂದೇ ಪ್ರತಿ, ಅದೂ ಒಂದು ಇಕ್ಕಟ್ಟಾದ ಕಿಟಕಿಯಲ್ಲಿ ತೂರಿ ಹೋಗಬೇಕು. ಇದನ್ನು ನಿಮ್ಮ ತಮಿಳು ಬೆರೆತ ಕನ್ನಡದಲ್ಲಿ ನನಗೆ ಅರ್ಥ ಮಾಡಿಸಲು ನೀವು ನಿಮ್ಮ ಮನೆಯ ಅಡುಗೆಮನೆ ಕಿಟಕಿಯ ಆಚೆ ಹೋಗಿ ಸ್ಟೂಲು ಹತ್ತಿ ನಿಂತಿರಿ.

"ಈಗ ಏನು ಕಾಣುತ್ತಯ್ಯಾ?"

"ಹೊಟ್ಟೆ ಕಾಣುತ್ತೆ ಭಾವ. ಬರೀ ಹೊಟ್ಟೆ."

"ಅದು ದಪ್ಪ ಸ್ವರ." ಕೆಳಗಿಳಿದು ಕುಕ್ಕರಗಾಲಲ್ಲಿ ಕೂತಿರಿ. "ಈಗ?"

"ಬೋಳುತಲೆ."

"ಅದು ಕೀಚು ಸ್ವರ. ಕಿಟಕಿ ಇಷ್ಟೇ ದಾನ್, ಅದು ದೊಡ್ಡದಾಗೋಲ್ಲ. ನಿನ್ನ ಧ್ವನೀಲಿ ಯಾವ ಭಾಗ ಅದರಲ್ಲಿ ಕಾಣುತ್ತೆ ಅನ್ನೋದು ಆ ತಿರುಪಿನ ಕೈಲಿದೆ. ಹೊಟ್ಟೇನೂ ಒಂಚೂರು ಕಾಣ್ಬೇಕು, ಮುಖಾನೂ ಕಾಣ್ಬೇಕು. ಆಗ ಮನುಷ್ಯ ಅನ್ನಿಸ್ಕೋತಾನೆ. ಪುರಿಯುತ್ತಾ, ತಿಳೀತಾ?"

ಅಕ್ಕ ಒಲೆಯ ಮುಂದಿನಿಂದ, "ಅವರ ಹೊಟ್ಟೆ ಯಾವ ಕಿಟಕೀಲೂ ಪೂರ್ತಿ ಕಾಣೋಲ್ಲ, ನೀನು ಊಟಕ್ಕೆ ಏಳೋ" ಎಂದಳು. ನೀವು ನಗಲಿಲ್ಲ. ವಿದ್ವಾಂಸರು ಸಂಗೀತ ಕಚೇರಿಯ ಮಧ್ಯೆ ನಗುವುದಿಲ್ಲವೆಂದು ನಾನು ಭಾವಿಸಿದೆ.

ಆ ತಿರುಪನ್ನು ಸರಿಮಾಡುವ ಸಂಜೆಗಳು ಶುರುವಾದದ್ದು ಹಾಗೆ. ನನ್ನ ಪೆಟ್ಟಿಗೆಗೆ ಒಂದು ಸದ್ಗುಣವಿತ್ತು, ನಮ್ಮ ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದ್ದು: ಮಾತನಾಡುವಾಗ ಕೇಳುವುದಿಲ್ಲ, ಕೇಳುವಾಗ ಮಾತನಾಡುವುದಿಲ್ಲ. ಆದ್ದರಿಂದ ನನ್ನ ಧ್ವನಿ ಗಾಳಿಯಲ್ಲಿ ಹೇಗಿದೆಯೆಂದು ನನಗೇ ತಿಳಿಯುವಂತಿಲ್ಲ. ದೂರದಲ್ಲಿ ಕೂತ ಒಬ್ಬರು ಹೇಳಬೇಕು. ಅದೂ ನನ್ನ ನಿಜವಾದ ಧ್ವನಿ ಬಲ್ಲವರು ಹೇಳಬೇಕು. ಸಂಜೆ ಆರೂವರೆಗೆ ರಾಯಪುರದಲ್ಲಿ ನೀವು, ಮೂರ್ ಮಾರ್ಕೆಟ್ಟಿನ ಗುಜರಿಯಿಂದ ಹೊತ್ತು ತಂದ ಮಿಲಿಟರಿ ರಿಸೀವರಿನ ಮುಂದೆ ಹೆಡ್‌ಫೋನ್ ಬಿಗಿದುಕೊಂಡು, ಉತ್ತರ ಹೇಳಲು ನಿಮ್ಮ ಹಳೆಯ ಸೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕೂಡುವುದು. ಇಲ್ಲಿ ನಾನು, ಮೈಕಿನ ಸ್ವಿಚ್ಚು ಒತ್ತಿ, ಆ ವಾರದ ಪತ್ರಿಕೆಗೆ ಬರೆದಿಟ್ಟ ತಮಾಷೆಯ ಪುಟ ಓದುವುದು. ನಡುನಡುವೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ "ಈಗ?" ಎಂದು ಕೇಳಿ ಸ್ವಿಚ್ಚು ಬಿಡುವುದು.

"ಏನಯ್ಯಾ ವಾಸು, ಕಂಬಳಿ ಹೊದ್ಕೊಂಡು ಮಾತಾಡ್ತಿದೀಯೇನು? ತೆಗಿ ಕಂಬಳಿ!"

ಕೂದಲೆಳೆಯಷ್ಟು. "ಈಗ?"

"ಇನ್ನೂ ಮಂಕು. ಕೊಂಜಂ, ಒಂಚೂರು ಮೇಲೆ."

"ಈಗ?"

"ಇನ್ನೂ ಕೊಂಜಂ... ಇನ್ನೂ... ಆಮಾಂ, ಹೌದು! ಅಲ್ಲೇ ದಾನ್! ಕೈ ಎತ್ತು, ಕೈ ಎತ್ತು! ಈಗ ನೀನಪ್ಪ ವಾಸು ಅಂದ್ರೆ. ಓದು, ಆ ಮಾಮಿ ನಾಯೀನ ಅಟ್ಟಿಸ್ಕೊಂಡು ಹೋದದ್ದು ಇನ್ನೊಂದ್ಸಲ ಓದು."

ಓದಿದೆ. ನೀವು ನಕ್ಕಿರಿ. ಎಂಥ ನಗು ಅದು! ನನ್ನ ಸ್ಪೀಕರಿನ ತಗಡು ಅದುರಿತು. ಒಂದು ವಿಷಯ ಮಾತ್ರ ಆಗ ನನಗೆ ಅರ್ಥವಾಗಿರಲಿಲ್ಲ, ಭಾವ. ಅದೇ ತಮಾಷೆಯನ್ನು ಭಾನುವಾರ ನಿಮ್ಮ ಮನೆಯ ಉಯ್ಯಾಲೆಯ ಮೇಲೆ ಕೂತು ಎದುರಿಗೇ ಹೇಳಿದರೆ, ನೀವು ಎಣ್ಣೂರು ಕಡಲತೀರದ ಒಣ ಮರಳಿನ ಹಾಗೆ ಮುಖ ಮಾಡಿಕೊಂಡು ಕೂತಿರುತ್ತಿದ್ದಿರಿ. ನಾಲ್ಕು ಜನರ ಮುಂದೆ ನಕ್ಕರೆ ಭಾವಮೈದುನನಿಗೆ ಬೆಲೆ ಬಂದೀತೆಂಬ ಜಿಪುಣತನ ಅದೆಂದು ನಾನು ತೀರ್ಪು ಕೊಟ್ಟಿದ್ದೆ. ಆ ಬಗ್ಗೆ ಒಂದು ಪುಟ ಬರೆದೂ ಇದ್ದೆ. ಅದನ್ನು ಗಾಳಿಯಲ್ಲಿ ಓದಿದಾಗಲೂ ನೀವು ನಕ್ಕಿರಿ.

ಮುದ್ರೆ ಒತ್ತಿದ್ದು ಆಯುಧಪೂಜೆಯ ದಿನ. ಸ್ಕ್ರೂಡ್ರೈವರಿಗೂ ಬೆಸುಗೆ ಕಡ್ಡಿಗೂ ಅಕ್ಕ ಕುಂಕುಮ ಹಚ್ಚಿ ಮುಗಿಸಿದ್ದಳು. ನೀವು ಹಿಂದಿನ ಸಂಜೆ ಗಾಳಿಯಲ್ಲೇ ಜಾಗ ಗೊತ್ತುಮಾಡಿದ್ದಿರಿ. ಈಗ ಕೆಂಪು ಅರಗಿನ ಕಡ್ಡಿ ಹಿಡಿದು ಬಂದಿದ್ದಿರಿ. ಕಾರ್ಖಾನೆಯಲ್ಲಿ ಸರಿಮಾಡಿದ ಕವಾಟಕ್ಕೆ ಹೀಗೇ ಮುದ್ರೆ ಒತ್ತುವುದು ನಿಮ್ಮ ರೂಢಿಯಂತೆ. ಒತ್ತಿದ ಮೇಲೆ ಕ್ಯಾಪ್ಟನ್ನೂ ಮುಟ್ಟುವಂತಿಲ್ಲವಂತೆ. ನಾನು ಪೆನ್ಸಿಲು ತೆಗೆದು, ತಿರುಪು ಎತ್ತ ನಿಂತಿದೆಯೆಂದು ಪಕ್ಕದ ತಗಡಿನ ಮೇಲೆ ಒಂದು ಗೆರೆ ಎಳೆಯಲು ಹೋದೆ. ನೀವು ನನ್ನ ಕೈಮೇಲೆ ಹೊಡೆದಿರಿ.

"ಗುರುತು ಯಾಕಯ್ಯಾ? ನಾನಿಲ್ವಾ?"

ಹೌದಲ್ಲ, ನೀವಿದ್ದಿರಿ. ಬಾಯ್ಲರಿನ ಹೊಟ್ಟೆಯೊಳಗೆ ಕೂತು ಸುತ್ತಿಗೆಯಿಂದ ತಟ್ಟಿ, ಸಡಿಲವಾದ ರಿವೆಟ್ಟು ಯಾವುದೆಂದು ಸದ್ದಿನಲ್ಲೇ ಹೇಳುತ್ತಿದ್ದ ಕಿವಿ ಇತ್ತು. ಆ ಕಿವಿಗಾಗಿ ಬಂದರಿನಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುತ್ತಿದ್ದರೆಂದು ನೀವು ಎಷ್ಟು ಸಲ ಹೇಳಿದ್ದೀರೆಂದು ಎಣಿಸುವಷ್ಟು ದುಷ್ಟ ನಾನಲ್ಲ. ಅಂಥ ಕಿವಿಯ ಮುಂದೆ ಒಂದು ಪೆನ್ಸಿಲು ಗೆರೆಗೆ ಏನು ಯೋಗ್ಯತೆ?

ಆಮೇಲಿನ ಭಾನುವಾರಗಳು ನೆನಪಾದರೆ... ಬೆಳಗ್ಗೆ ಬೆಂಗಳೂರು, ಕೊಲಂಬೊ, ಹೈದರಾಬಾದಿನವರೆಲ್ಲ ಗಾಳಿಯಲ್ಲಿ ಸಭೆ ಸೇರುತ್ತಾರಲ್ಲ, ಅಲ್ಲಿ ನಾನು ನಮ್ಮ ಮುದ್ರಾಂಕಿತ ಧ್ವನಿಯೊಂದಿಗೆ ಪ್ರವೇಶಿಸಿದೆ. ನಂತರ ಬೆಂಗಳೂರಿನ ಹಲ್ಲಿನ ಡಾಕ್ಟರು ಬಹಳ ಮೃದುವಾಗಿ, "ಸ್ವಾಮಿ, ಮದ್ರಾಸಿನವರೇ, ನಿಮ್ಮ ಧ್ವನೀಲಿ ಹಲ್ಲು ಮಾತ್ರ ಇದೆ. ನಾಲಿಗೆ, ಗಂಟಲು ಒಂದೂ ಕಾಣ್ತಾ ಇಲ್ಲ. ನಾನು ಹಲ್ಲಿನ ಡಾಕ್ಟರಾಗಿ ಹೇಳ್ತಿದೀನಿ" ಎಂದರು. ಕೊಲಂಬೊದವರು ತಗಡಿನ ಡಬ್ಬದಲ್ಲಿ ಸಿಕ್ಕಿಬಿದ್ದ ಸೊಳ್ಳೆಗೆ ಹೋಲಿಸಿದರು. ಸಂಜೆ ನಿಮಗೆ ದೂರು ಕೊಟ್ಟೆ. ನೀವು ಕೆರಳಿದಿರಿ.

"ಅವರಿಗೆ ಕಿವಿ ಇಲ್ಲವಯ್ಯಾ! ಹಲ್ಲು ಕೀಳೋನಿಗೇನು ಗೊತ್ತು ಸ್ವರ? ಎಷ್ಟು ಸ್ಪಷ್ಟ ಇದೀಯ ಗೊತ್ತಾ? ಒಂದೊಂದು ಅಕ್ಷರ ಮುತ್ತು. ಮುದ್ರೆ ಮುಟ್ಟಿದ್ಯೋ, ಜೋಕೆ!"

ಮುಟ್ಟಲಿಲ್ಲ. ಒಂದು ಕಡೆ ಮೂರು ಊರು, ಇನ್ನೊಂದು ಕಡೆ ನೀವು. ನಾನು ನಿಮ್ಮ ಪಕ್ಷ ಹಿಡಿದೆ. ಸಭೆಯಲ್ಲಿ ಸೊಳ್ಳೆಯೆಂದೇ ಪ್ರಸಿದ್ಧನಾದೆ. ನಾನು ಬಂದರೆ ಹೈದರಾಬಾದಿನವರು "ಪರದೆ ಕಟ್ಟಿ!" ಎನ್ನುತ್ತಿದ್ದರು.

ಆ ವರ್ಷ ನೀವು ಲೋಕದ ಮೇಲೆ ಹೊರಿಸಿದ ಆಪಾದನೆಗಳನ್ನು ಈಗ ಒಂದೊಂದಾಗಿ ನೆನೆಯುತ್ತೇನೆ. ಅಂಗಡಿಯವನು ಕಲಬೆರಕೆ ಸಾಸಿವೆ ಕೊಡುತ್ತಿದ್ದಾನೆ, ಒಗ್ಗರಣೆಗೆ ಹಾಕಿದರೆ ಸಿಡಿಯುವುದೇ ಇಲ್ಲ ಎಂದಿರಿ. ಬಂದರಿನ ಹೊಗೆಗೆ ರಾಯಪುರದ ಕೋಗಿಲೆಗಳೆಲ್ಲ ಊರು ಬಿಟ್ಟಿವೆ ಎಂದಿರಿ. ಈಗಿನ ಸೈಕಲ್ಲಿನವರು ಬೆಲ್ಲನ್ನೇ ಹೊಡೆಯುವುದಿಲ್ಲ, ಮರ್ಯಾದೆ ಕೆಟ್ಟುಹೋಯಿತು ಎಂದಿರಿ. ಎಲ್ಲಕ್ಕಿಂತ ಅದ್ಭುತವಾದದ್ದು, ಒಂದು ಸಂಜೆ ಗಾಳಿಯಲ್ಲಿ, ಗುಟ್ಟು ಹೇಳುವವರ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ್ದು:

"ವಾಸು, ಒಂದು ವಿಷಯ ಗಮನಿಸಿದೀಯ? ವಯಸ್ಸಾಗ್ತಾ ನಿಮ್ಮಕ್ಕ ಬಹಳ ಸೌಮ್ಯ ಆಗಿದಾಳೆ ಕಣಯ್ಯಾ."

ನನ್ನ ಅಕ್ಕ! ರಾಯಪುರದ ಅಡುಗೆಮನೆಯಿಂದ ಕೂಗಿದರೆ ಹಾರ್ಬರಿನಲ್ಲಿ ಲಂಗರು ಎತ್ತುವಂಥ ಅಕ್ಕ! ಸ್ವಿಚ್ಚು ಒತ್ತಿ "ದಾಂಪತ್ಯದಲ್ಲಿ ಪವಾಡಗಳು ನಡೆಯುತ್ತವೆ ಭಾವ" ಎಂದೆ. ನೀವು ನಕ್ಕಿರಿ. ನಾನೂ ನಕ್ಕೆ. ಎಷ್ಟು ಜಾಣ ನಾನು, ಅಲ್ಲವೇ? ಇನ್ನೊಬ್ಬರ ಮನೆಯ ವಿಷಯವನ್ನು ವಾರಕ್ಕೊಂದು ಪುಟದಂತೆ ಬಿಡಿಸಿ ಬರೆದು ಹೊಟ್ಟೆ ಹೊರೆಯುವ ನನಗೆ ಇಷ್ಟನ್ನು ಕೂಡಿಸಿ ನೋಡಲು...

ಧನುರ್ಮಾಸದ ಆ ಬೆಳಗಿನ ಬಗ್ಗೆ ನಿಮಗೆ ಹೇಳುವುದೇನಿದೆ, ನೀವೇ ಅಲ್ಲಿದ್ದಿರಿ. ದೇವರ ಹುಗ್ಗಿ ಆಗಿತ್ತು. ಕಾಫಿ ಲೋಟ ಕೈಯಲ್ಲೇ ಇತ್ತಂತೆ. ನನಗೆ ಸುದ್ದಿ ಬಂದದ್ದು ಕೆಳಗಿನ ಚೆಟ್ಟಿಯಾರರ ಗಿರವಿ ಅಂಗಡಿ ಫೋನಿಗೆ. ಅವರು ಮೆಟ್ಟಿಲ ಕೆಳಗೆ ನಿಂತು "ಸಾರ್... ಉಂಗ ಅಕ್ಕಾ... ನಿಮ್ಮ ಅಕ್ಕ..." ಎಂದು ಫೋನಿನ ಕಡೆ ಕೈತೋರಿಸಿದರು. ಫೋನಿನಲ್ಲಿ ಅಕ್ಕ ನಿಜವಾಗಿಯೂ ಸೌಮ್ಯವಾಗಿ ಮಾತನಾಡಿದಳು, ಭಾವ. ಅದೊಂದು ದಿನ.

ವೈಕುಂಠ ಸಮಾರಾಧನೆಯೆಲ್ಲ ಮುಗಿದು, ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋಗಿದ್ದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸೌಟಿನಲ್ಲಿ ಸಾಸಿವೆ ಪಟಪಟ ಸಿಡಿಯಿತು. ಏನಾದರೂ ಮಾತನಾಡಬೇಕಲ್ಲ ಎಂದು, "ಅಂಗಡಿ ಬದಲಾಯಿಸಿದ್ಯಾ ಅಕ್ಕ? ಭಾವ ಇದ್ದಾಗ ಸಾಸಿವೆ ಸಿಡೀತಿರ್ಲಿಲ್ಲವಂತೆ" ಎಂದೆ.

ಅಕ್ಕ ಸೌಟು ಕೆಳಗಿಟ್ಟಳು.

"ಸಿಡೀತಾನೇ ಇತ್ತು ಕಣೋ ವಾಸು. ಅವರಿಗೆ ಕೇಳ್ತಿರ್ಲಿಲ್ಲ."

"ಅಂದ್ರೆ?"

"ಅಂದ್ರೆ ಏನು? ಕೇಳ್ತಿರ್ಲಿಲ್ಲ. ಹಡಗು ಕೂಗಿದ್ರೆ ಕೇಳೋದು, ಹೆಂಡ್ತಿ ಕೂಗಿದ್ರೆ ಕೇಳ್ತಿರ್ಲಿಲ್ಲ. ಗಂಡಸರಿಗೆ ಅದು ಸಹಜ ಅಂದ್ಕೊಂಡು ನಾನೂ ಮೋಸ ಹೋದೆ. ಆಮೇಲೆ ನೋಡಿದ್ರೆ ಸಣ್ಣ, ಕೀಚು ಸದ್ದು ಯಾವುದೂ ಇಲ್ಲ ಅವರಿಗೆ. ಕೋಗಿಲೆ ಇಲ್ಲ, ಬೆಲ್ ಇಲ್ಲ. ಮಾತು ಕೇಳಿಸೋದು, ಆದ್ರೆ ಬರೀ ಗುಂಗುಂ ಅನ್ನೋ ಹಾಗೆ. ಏನಂದ್ರು ಅಂತ ತಿಳೀತಿರ್ಲಿಲ್ಲ. ನಾನು ಎದುರಿಗೆ ನಿಂತು ತುಟಿ ಆಡಿಸ್ತಿದ್ದೆ, ಅವರು ತುಟಿ ನೋಡಿ ಆಮಾಂ ಅನ್ನೋರು."

"ಹೇಳ್ಬಾರ್ದಿತ್ತೇನೇ ಅಕ್ಕ?"

"ಯಾರಿಗೆ ಹೇಳ್ಲಿ? ಅವರಿಗಾ? ನಿಮಗೆ ಕಿವಿ ಕೇಳೋಲ್ಲ ಅಂತ ಹೇಳಿದ್ರೆ ಅದೂ ಅವರಿಗೆ ಕೇಳ್ಬೇಕಲ್ಲ!" ನಕ್ಕಳು, ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಕಿವಿ ಮೇಲೆ ಎಷ್ಟು ಜಂಭ ಇತ್ತು ಅಂತ ನಿನಗೆ ಗೊತ್ತಿಲ್ವಾ? ಜಂಭ ಇರೋವರೆಗೂ ಇರ್ಲಿ ಅಂತ ಸುಮ್ನಿದ್ದೆ. ಸಂಜೆ ಆರೂವರೆಗೆ ಆ ಹೆಡ್‌ಫೋನ್ ತಲೆಗೆ ಹಾಕ್ಕೊಂಡು ಕೂತಾಗ ಅವರ ಮುಖ ನೋಡ್ಬೇಕಿತ್ತು ನೀನು. ಮನೇಲಿ ಯಾರ ಮಾತೂ ಎಟುಕದ ಮನುಷ್ಯ, ನಿನ್ನ ಒಂದೊಂದು ಮಾತಿಗೂ ತೊಡೆ ತಟ್ಟಿ ನಗೋರು. ಅದು ಹ್ಯಾಗೆ ಕೇಳಿಸ್ತಿತ್ತೋ, ಆ ದೇವರಿಗೇ ಗೊತ್ತು."

ಹೇಗೆ ಕೇಳಿಸುತ್ತಿತ್ತೆಂದು ನನಗೆ ಗೊತ್ತಿತ್ತು, ಭಾವ. ಅಲ್ಲೇ ಎಲೆಯ ಮುಂದೆ ಕೂತಲ್ಲೇ ಗೊತ್ತಾಯಿತು. ಕೊಂಜಂ ಮೇಲೆ, ಇನ್ನೂ ಕೊಂಜಂ ಮೇಲೆ ಎಂದು ನೀವು ಏರಿಸಿದ್ದು ನನ್ನ ಧ್ವನಿಯನ್ನಲ್ಲ. ನಿಮ್ಮ ಕಿವಿಯಿಂದ ಕಳಚಿ ಬೀಳುತ್ತಿದ್ದ ಭಾಗಕ್ಕೆ ನನ್ನಿಂದ ತೇಪೆ ಹಾಕಿಸಿಕೊಂಡಿದ್ದಿರಿ. ಹೊಟ್ಟೆ ಪೂರ್ತಿ ಕತ್ತರಿಸಿ, ಕಿಟಕಿಯ ತುಂಬ ಬೋಳುತಲೆ ಮಾತ್ರ ನಿಲ್ಲಿಸಿ, ಹೆಡ್‌ಫೋನಿನಲ್ಲಿ ಅದನ್ನೇ ಜೋರು ಮಾಡಿಕೊಂಡಾಗ, ಊರೆಲ್ಲ ಸೊಳ್ಳೆಯೆಂದ ಆ ಧ್ವನಿಯಲ್ಲಿ ನಿಮಗೆ ಒಂದೊಂದು ಅಕ್ಷರ ಮುತ್ತಾಗಿ ಸಿಕ್ಕಿತು. ಅದು ನಿಮಗೇ ಗೊತ್ತಿತ್ತೇ? ಗೊತ್ತಿದ್ದೇ ಮುದ್ರೆ ಒತ್ತಿದಿರೇ? ಅಥವಾ ನಿಜವಾಗಿಯೂ ಜಗತ್ತಿನ ಸಾಸಿವೆಯೆಲ್ಲ ಒಟ್ಟಿಗೆ ಕೆಟ್ಟಿತೆಂದು...? ಅಕ್ಕನಿಗೂ ಗೊತ್ತಿಲ್ಲವಂತೆ. ಕೇಳಿದರೆ, "ನನ್ನ ಜೊತೆ ಅಷ್ಟೆಲ್ಲ ಮಾತಾಡ್ತಿದ್ರೇನು ಅವರು? ನಿನ್ನ ಜೊತೆ ತಾನೇ ಮಾತಾಡ್ತಿದ್ದದ್ದು" ಎಂದಳು.

ಅಂದಿನಿಂದ ಆರೂವರೆಗೆ ನಾನು ಕೂಡುವುದನ್ನು ಬಿಡಲಿಲ್ಲ. ಮುದ್ರೆ ಹಾಗೇ ಇತ್ತು. ಸ್ವಿಚ್ಚು ಒತ್ತಿ ಪುಟ ಓದುವುದು, ಬಿಡುವುದು, ಸ್ವಲ್ಪ ಹೊತ್ತು ಕೇಳುವುದು. ಚೆಟ್ಟಿಯಾರರು ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಿ, "ಸಾರ್, ಆ ಸಾರ್ ಹೋದ ಮೇಲೂ ದಿನಾ ಯಾರ ಜೊತೆ ಪೇಚು, ಮಾತುಕತೆ?" ಎಂದರು. ಅಭ್ಯಾಸ ಎಂದೆ. ಯಾವ ಪರೀಕ್ಷೆಗೆ ಎಂದು ಅವರು ಕೇಳಲಿಲ್ಲ, ಬಡ್ಡಿ ಲೆಕ್ಕ ಗೊತ್ತಿದ್ದವರಿಗೆ ಯಾವುದನ್ನು ಕೇಳಬಾರದೆಂದೂ ಗೊತ್ತಿರುತ್ತದೆ.

ಮಾಘ ಕಳೆಯುವ ಹೊತ್ತಿಗೆ ಅಕ್ಕನೇ ಒಂದು ದಿನ ನನ್ನ ಮಹಡಿ ಹತ್ತಿ ಬಂದಳು. ಮೆಟ್ಟಿಲು ಹತ್ತಿದ ಏದುಸಿರು ನಿಲ್ಲುವ ಮೊದಲೇ ಶುರುಮಾಡಿದಳು.

"ಆರೂವರೆ ಆದ್ರೆ ಅವರ ಆ ಪೆಟ್ಟಿಗೆ ಹಾಕಿ ಅಭ್ಯಾಸ ಕಣೋ ನನಗೆ. ಅವರು ಬಂದು ಕೂರೋ ಹೊತ್ತಿಗೆ ಬೆಚ್ಚಗಾಗಿರ್ಲಿ ಅಂತ ನಾನೇ ಹಾಕ್ತಿದ್ದದ್ದು. ಈಗ್ಲೂ ಕೈ ತಾನಾಗೇ ಹೋಗುತ್ತೆ. ಮೇಜಿನ ಮೇಲೆ ಬಿದ್ದಿರೋ ಹೆಡ್‌ಫೋನಿನಿಂದ ನಿನ್ನ ಮಾತು ಬರುತ್ತೆ, ಸಣ್ಣಗೆ, ಕೀ ಕೀ ಅಂತ. ನನಗೆ ತಡಿಯೋಕಾಗೋಲ್ಲ ವಾಸು. ಅದು ನಿನ್ನ ಧ್ವನಿ ಅಲ್ಲ. ಅವರ ಕಿವಿ ಅದು. ಅವರು ಹೋದ್ರು, ಕಿವಿ ದಿನಾ ಬಂದು ಮೇಜಿನ ಮೇಲೆ ಕೂಗುತ್ತೆ. ಬಿಚ್ಚೋ ಆ ಮುದ್ರೇನ."

"ಭಾವ ಮುಟ್ಟಬೇಡ ಅಂದಿದಾರೆ ಅಕ್ಕ."

"ನಾನು ಹೇಳ್ತಿದೀನಿ, ಬಿಚ್ಚು. ಅವರ ಪರವಾಗಿ ಹೇಳೋ ಅಧಿಕಾರ ನನಗಿಲ್ವೇನೋ?"

ಇದೆಯೆಂದು ಒಪ್ಪಿದೆ. ಲೈಸೆನ್ಸು ಇಲ್ಲದಿದ್ದರೂ.

ಮರುದಿನ ಸಂಜೆ ಪೆಟ್ಟಿಗೆಯ ಮುಚ್ಚಳ ತೆಗೆದೆ. ಅರಗಿನ ಮೇಲೆ ನಿಮ್ಮ ಉಂಗುರದ ಶಂಖ ಚೆನ್ನಾಗಿಯೇ ಮೂಡಿತ್ತು. ವಾಲ್ವುಗಳ ಕಾವಿಗೆ ಅಂಚು ಮಾತ್ರ ಸ್ವಲ್ಪ ಮೆತ್ತಗಾಗಿತ್ತು. ಎರಡು ತುಂಡಾಗಿ ಬಂದರೆ ಎತ್ತಿಟ್ಟುಕೊಳ್ಳೋಣವೆಂದಿದ್ದೆ. ಸ್ಕ್ರೂಡ್ರೈವರಿನ ಮೊನೆ ತಾಗಿಸಿದರೆ ಪುಡಿಪುಡಿಯಾಗಿ ಉದುರಿತು. ಶಂಖವೂ ಇಲ್ಲ, ಏನೂ ಇಲ್ಲ. ಊದಿದೆ. ತಿರುಪನ್ನು ಹಿಂದಕ್ಕೆ, ಹಿಂದಕ್ಕೆ, ಕಂಬಳಿಯ ಕಡೆಗೆ ತಿರುಗಿಸುತ್ತ ಹೋದೆ. ಭಾನುವಾರದ ಸಭೆಯಲ್ಲಿ ಹಲ್ಲಿನ ಡಾಕ್ಟರು ಇನ್ನಷ್ಟು, ಇನ್ನಷ್ಟು ಎಂದು ಹೇಳುತ್ತಾ ಕೂತರು. ಒಂದು ಕಡೆ ನಿಲ್ಲಿಸಿದಾಗ ಎಲ್ಲರೂ ಒಟ್ಟಿಗೇ ಕೂಗಿದರು. "ಅಯ್ಯೋ ಸ್ವಾಮಿ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ಧ್ವನೀನ? ಎಂಥ ಗಂಭೀರ ಕಂಠ! ನೀವು ಹರಿಕಥೆ ಮಾಡ್ಬೇಕಿತ್ತು." ಕೊಲಂಬೊದವರು ಅಭಿನಂದಿಸಿದರು. ಹೈದರಾಬಾದಿನವರು ಪರದೆ ಬಿಚ್ಚಿದೆವು ಎಂದರು.

ಅಂದು ಸಂಜೆ ಅಕ್ಕನೂ ಕೇಳಿದಳು. ಕೇಳಿ, ಮನೆ ಮಾಲೀಕರ ಫೋನಿನಿಂದ ಚೆಟ್ಟಿಯಾರರ ಅಂಗಡಿಗೆ ಫೋನು ಮಾಡಿ, "ಈಗ ನೀನು ಕಣೋ. ಚೆನ್ನಾಗಿದೆ. ಸಾಕು ಬಿಡು" ಎಂದಳು. ರಿಸೀವರಿನ ಸ್ವಿಚ್ಚು ಆರಿಸಿದಳು. ಈಗ ಅದರ ಮೇಲೆ ನಿಮ್ಮ ಧೋತರ ಮಡಿಸಿ ಹೊದಿಸಿದ್ದಾಳೆ, ಧೋತರದ ಮೇಲೆ ಮುರುಕ್ಕಿನ ಡಬ್ಬ. ಆರೂವರೆಗೆ ಕೈ ತಾನಾಗಿ ಹೋದರೆ ಡಬ್ಬ ತಗಲುತ್ತದಂತೆ. ಒಂದು ಮುರುಕ್ಕು ತಿನ್ನುತ್ತಾಳಂತೆ.

ಇಲ್ಲಿಗೆ ಮುಗಿಯಬೇಕಿತ್ತು. ಬುದ್ಧಿಯಿದ್ದವನಾದರೆ ಮುಗಿಸುತ್ತಿದ್ದ. ಮೊನ್ನೆ ಸಂಜೆ ನನಗೊಂದು ಆಸೆ ಹುಟ್ಟಿತು. ಒಂದೇ ಒಂದು ಸಲ, ಮಾಮಿ ನಾಯಿಯನ್ನು ಅಟ್ಟಿಸಿಕೊಂಡು ಹೋದ ಪುಟವನ್ನು, ನಿಮಗೆ ಕೇಳುತ್ತಿದ್ದ ಆ ಧ್ವನಿಯಲ್ಲಿ ಓದಬೇಕು. ಯಾರಿಗೆಂದು ಕೇಳಬೇಡಿ. ತಿರುಪನ್ನು ಮತ್ತೆ ಮೇಲಕ್ಕೆ ತಿರುಗಿಸಿದೆ. ಕೂದಲೆಳೆಯಷ್ಟು, ಇನ್ನೂ ಕೂದಲೆಳೆಯಷ್ಟು. ಎಲ್ಲಿ ನಿಲ್ಲು ಎಂದು ಅದಕ್ಕೆ ಹೇಳಲಿ, ಭಾವ? ಆ ತಿರುಪಿಗೆ ಶುರುವೂ ಇಲ್ಲ, ಕೊನೆಯೂ ಇಲ್ಲ, ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ತಗಡಿನ ಮೇಲೆ ಗೆರೆ ಇಲ್ಲ. ಡಾಕ್ಟರನ್ನು ಕೇಳಿದೆ: ಹಿಂದಿನ ಹಾಗೆ ಆಗಿದೆಯೇ ನೋಡಿ ಹೇಳಿ. "ಕೆಟ್ಟದಾಗಿದೆ ಸ್ವಾಮಿ, ಆದ್ರೆ ಆ ಕೆಟ್ಟದ್ದೇನಾ ಅಂತ ಹೇಗೆ ಹೇಳ್ಲಿ? ಕೆಟ್ಟದ್ದನ್ನ ಯಾರು ಜ್ಞಾಪಕ ಇಟ್ಕೋತಾರೆ?" ಎಂದರು. ಅಕ್ಕನನ್ನು ಕೇಳುವ ಧೈರ್ಯವಿಲ್ಲ. ಮೂರೂ ಊರಿಗೆ ಅದು ಬರೀ ಸೊಳ್ಳೆ, ಎಲ್ಲ ಸೊಳ್ಳೆಯೂ ಒಂದೇ. ಯಾವ ಸೊಳ್ಳೆ ವಾಸು ಎಂದು ಬಲ್ಲ ಕಿವಿ ಒಂದೇ ಇತ್ತು, ಅದು ಗುರುತು ಹಾಕಲು ಬಿಡಲಿಲ್ಲ.

ನೀವು ಕೇಳದೇ ಹೋದ ಸುದ್ದಿ ಇಷ್ಟೇ, ಭಾವ. ನನ್ನ ಧ್ವನಿ ಈಗ ಬಹಳ ಚೆನ್ನಾಗಿದೆಯಂತೆ. ಬೆಂಗಳೂರಿಗೆ ಕೇಳುತ್ತದೆ, ಕೊಲಂಬೊಗೆ ಕೇಳುತ್ತದೆ, ಹರಿಕಥೆಗೆ ಯೋಗ್ಯವಾಗಿದೆ. ಪಕ್ಕದಲ್ಲಿ ಬಂದು ಕೂತಿದ್ದರೂ ನಿಮಗೊಬ್ಬರಿಗೆ ಅದು ಗುಂಗುಂ ಎನ್ನುತ್ತಿತ್ತು ಅಷ್ಟೆ. ಭಾನುವಾರದ ಸಭೆಗೆ ತಿರುಪನ್ನು ಅವರಿಗೆ ಬೇಕಾದ ಕಡೆ ಇಟ್ಟು ಮರ್ಯಾದೆಯಿಂದ ಮಾತನಾಡುತ್ತೇನೆ. ಅದರ ಮೇಲೆ ಇನ್ನು ಅರಗು ಹಾಕುವುದಿಲ್ಲ. ಉಳಿದ ದಿನಗಳಲ್ಲಿ ಆರೂವರೆಗೆ ಕೂಡುತ್ತೇನೆ. ಪುಟ ಓದುತ್ತೇನೆ. ಕೂದಲೆಳೆಯಷ್ಟು ತಿರುಗಿಸಿ "ಈಗ?" ಎಂದು ಕೇಳಿ ಸ್ವಿಚ್ಚು ಬಿಡುತ್ತೇನೆ.

ಸ್ಪೀಕರಿನಲ್ಲಿ ಬರೀ ಗಾಳಿಯ ಸದ್ದು ಬರುತ್ತದೆ. ಪಟಪಟ, ಪಟಪಟ, ಸಾಸಿವೆ ಸಿಡಿದ ಹಾಗೆ.

ಇಂತು ನಿಮ್ಮ,
ವಾಸು